ಕಾಯಿ ಒಡೆದ ಸದ್ದು

ಮೈಕಿನ ಮುಂದೆ ಗುಂಡು ಹಾರಿಸಬಾರದು ಎಂಬುದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಆದರೆ ಸಮಿತಿಯ ಅಧ್ಯಕ್ಷರೇ ಕೋವಿ ಹಿಡಿದು, ನಗುನಗುತ್ತಾ ಬಂದು ಮೈಕಿನಿಂದ ಮೊಳ ದೂರದಲ್ಲಿ ನಿಂತುಬಿಡುತ್ತಾರೆ ಎಂದು ಯಾವ ರೇಡಿಯೊ ಪುಸ್ತಕದಲ್ಲಿ ಬರೆದಿರುತ್ತದೆ ಹೇಳಿ!

ಇರಲಿ, ಬೆಳಿಗ್ಗೆಯಿಂದಲೇ ಹೇಳುತ್ತೇನೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡೋ ಮೂರೋ ವರ್ಷ ಕಳೆದಿದ್ದ ಕಾಲ. ನಾನು ಶಿರಂಗಾಲದವನು, ಕುಶಾಲನಗರದಲ್ಲಿ ರೇಡಿಯೊ ರಿಪೇರಿ ಮಾಡಿಕೊಂಡು ಒಂದು ಮೈಕ್‌ಸೆಟ್ಟನ್ನೂ ಓಡಿಸುತ್ತಿದ್ದೆ. ಹುತ್ತರಿ ಹಬ್ಬ ಮುಗಿದ ಮರುವಾರ, ಗಾಳಿಬೀಡಿನ ಕಡೆಯ ಒಂದು ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೆ ಮೈಕ್‌ಸೆಟ್ಟು ಬೇಕೆಂದು ಕರೆ ಬಂತು. ಎತ್ತರದ ಮರದ ಕೊಂಬೆಗೆ ಕಾಯಿ ಕಟ್ಟಿರುತ್ತಾರೆ, ಅರವತ್ತು ಹೆಜ್ಜೆ ದೂರದಿಂದ ಅದನ್ನು ಒಡೆಯಬೇಕು. ಆ ಚಳಿಯ ಬೆಟ್ಟದಲ್ಲಿ ತೆಂಗು ಎಲ್ಲಿ ಬರಬೇಕು, ಕಾಯಿಯನ್ನೆಲ್ಲ ಘಾಟಿಯ ಕೆಳಗಿನ ಸಂಪಾಜೆಯಿಂದ ಮೂಟೆಯಲ್ಲಿ ತರಿಸುತ್ತಿದ್ದರು. ಮಾರನೆಯ ದಿನ ಅದೇ ಸಂಪಾಜೆಯಲ್ಲಿ ಒಂದು ಮದುವೆಗೂ ನಾನು ಮಾತು ಕೊಟ್ಟಿದ್ದೆ.

ನನ್ನನ್ನು ಕರೆದೊಯ್ದದ್ದು ಬಾಡಿಗೆ ಜೀಪಿನ ಕಾಕ. ಮಲೆಯಾಳ ಮನೆಮಾತಿನ ಹಿರಿಯರು, ನನ್ನನ್ನು ಮಗನೇ ಅನ್ನುವ ಹಾಗೆ 'ಮೋನೇ' ಎಂದೇ ಕರೆಯುತ್ತಿದ್ದರು. ಜೀಪಿನ ಹಿಂದೆ ಬ್ಯಾಟರಿಯಲ್ಲಿ ನಡೆಯುವ ಆಂಪ್ಲಿಫೈಯರ್, ಎರಡು ಹಾರ್ನು, ಎರಡು ಮೈಕು, ಕೀ ಕೊಡುವ ಗ್ರಾಮಫೋನು ಇತ್ತು. ನನ್ನ ತೊಡೆಯ ಮೇಲೆ ಮಾತ್ರ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ. ಅದನ್ನು ಯಾರ ಕೈಗೂ ಕೊಡುತ್ತಿರಲಿಲ್ಲ.

ಆ ಡಬ್ಬಿ ನಾನೇ ಮಾಡಿದ್ದು. ಮೈಕಿನಿಂದ ಬಂದ ಸದ್ದು ಮೊದಲು ಅದರೊಳಗೆ ಹೋಗಿ, ಸೋಸಿಕೊಂಡು ಆಂಪ್ಲಿಫೈಯರಿಗೆ ಹೋಗಬೇಕು. ಒಳಗೊಂದು ಕಂಡೆನ್ಸರ್ ಇತ್ತು; ಅದು ಗಾಳಿಯ ಗುಂಯ್ ಸದ್ದು, ಡೋಲಿನ ದಮ್ ಸದ್ದು ಮುಂತಾದ ದಪ್ಪ ಸದ್ದನ್ನು ತಡೆದು ತೆಳುವಾದ ಸದ್ದನ್ನು ಮಾತ್ರ ಬಿಡುತ್ತಿತ್ತು. ಬೇಡವೆಂದರೆ ಅದನ್ನು ತಪ್ಪಿಸುವುದಕ್ಕೆ ಪಕ್ಕದಲ್ಲೊಂದು ಸ್ವಿಚ್ಚು. ಮೈಕನ್ನು ಬೇಕಾದಾಗ ಮಾತ್ರ ತೆರೆಯಲು ಒತ್ತುವ ಬಟನ್ನು, ಸದ್ದು ಏರಿಸಿ ಇಳಿಸಲು ಒಂದು ತಿರುಪು. ಮುಚ್ಚಳದ ಮೇಲೆ, ಹಾರ್ನಿಗೆ ಹೋಗುವ ತಂತಿಯ ನಡುವೆ, ಕಾರಿನ ಪುಟ್ಟ ಬಲ್ಬು. ಸದ್ದು ಜಾಸ್ತಿಯಾದರೆ ಬಲ್ಬು ಕೆಂಪಗೆ ಕಾದು ಕರೆಂಟನ್ನು ತಡೆದು ಹಾರ್ನನ್ನು ಉಳಿಸುತ್ತಿತ್ತು. ಎಷ್ಟೋ ಮದುವೆಗಳಲ್ಲಿ ವಾಲಗದವರ ಆರ್ಭಟದಿಂದ ನನ್ನ ಹಾರ್ನನ್ನು ಕಾಪಾಡಿದ್ದು ಅದೇ. ನನಗೆ ಅದರ ಮೇಲೆ ಜಂಬವೋ ಜಂಬ.

ಮೈದಾನದಲ್ಲಿ ನಮ್ಮನ್ನು ಎದುರುಗೊಂಡದ್ದು ಸಮಿತಿಯ ಕಾರ್ಯದರ್ಶಿ. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ, ಊರವರೆಲ್ಲ 'ರೈಟರೇ' ಎನ್ನುತ್ತಿದ್ದರು.

"ಸಾಮಾನು ಆಮೇಲೆ ಇಳಿಸಿ ಮಾರಾಯ್ರೆ, ಮೊದ್ಲು ಸುಬೇದಾರಜ್ಜನ ಮನೆಗೆ ಹೋಗಿ ಕಾಪಿ ಕುಡ್ದು ಬರುವ. ಪಂದ್ಯ ಶುರು ಮಾಡಿದ್ದೇ ಅವ್ರು. ನಿಮ್ಮನ್ನ ಕರ್ಸಿದ್ದೂ ಅವ್ರೇ" ಅಂದರು.

ಅಜ್ಜನ ಮನೆ ಮೈದಾನದ ಎದುರಿಗೆ, ನಡುವಿನ ಗದ್ದೆ ದಾಟಿದರೆ ಮುನ್ನೂರು ಹೆಜ್ಜೆ ಇರಬಹುದು. ಯುದ್ಧ ಮುಗಿಸಿ ಬಂದವರು, ಪ್ರತಿ ವರ್ಷವೂ ಮೊದಲ ಕಾಯಿ ಒಡೆಯುತ್ತಿದ್ದವರು ಈಗ ಸೊಂಟ ಮುರಿದು ಮಂಚ ಹಿಡಿದಿದ್ದರು. ಎರಡು ವರ್ಷದಿಂದ ಕಣ್ಣೂ ಪೂರ್ತಿ ಹೋಗಿತ್ತು. ಮಂಚದ ಪಕ್ಕದಲ್ಲಿ ಇಪ್ಪತ್ತರ ಆಸುಪಾಸಿನ ಮೊಮ್ಮಗಳು ಕುಳಿತು ಕೋವಿಯ ನಳಿಗೆಗೆ ಎಣ್ಣೆಬಟ್ಟೆ ಎಳೆಯುತ್ತಿದ್ದಳು.

"ಮೈಕಿನವ ನೀನಾ? ಕೂತ್ಕೊ ಮಗ" ಅಂದರು ಅಜ್ಜ. ರೈಟರು ಕಾಫಿ ಹೇಳಲು ಒಳಗೆ ಹೋದದ್ದು ಹೆಜ್ಜೆಸದ್ದಿನಿಂದಲೇ ಗೊತ್ತಾಗಿರಬೇಕು, ದನಿ ತಗ್ಗಿಸಿದರು. "ಹೋದ ವರ್ಷ ಈ ರೈಟರು ನನ್ನ ಹತ್ರ ಕೂತಿದ್ದ. ಹನ್ನೊಂದು ಗುಂಡು ಕೇಳ್ತು. ಹನ್ನೊಂದಕ್ಕೂ 'ಒಡೀತು ಅಜ್ಜ, ಒಡೀತು ಅಜ್ಜ' ಅಂದ. ಈ ಊರಲ್ಲಿ ಹನ್ನೊಂದಕ್ಕೆ ಹನ್ನೊಂದು ಒಡೆಯುವವ ಇನ್ನೂ ಹುಟ್ಟಿಲ್ಲ ಮಗ! ಕಣ್ಣು ಹೋದವ ಖುಷಿಪಡ್ಲಿ ಅಂತ ಎಲ್ಲ ಸುಳ್ಳು ಹೇಳ್ತಾರೆ. ಅನ್ನ ಸೀದ್ರೂ ಸೀದಿಲ್ಲ ಅಂತಾರೆ."

ಮೊಮ್ಮಗಳು ತಲೆ ಎತ್ತಲಿಲ್ಲ. ಕಿವಿ ಮಾತ್ರ ಕೆಂಪಾಯಿತು.

"ಈ ಸಲ ಇವ್ಳು ನನ್ನ ಕೋವಿಲಿ ಹೊಡೀತಾಳೆ. ಗುಂಡಿನ ಸದ್ದು ನಂಗೆ ಹೇಗೂ ಇಲ್ಲಿಗೇ ಕೇಳ್ತದೆ. ಕಾಯಿ ಒಡ್ದ ಸದ್ದು ಕೇಳ್ಬೇಕು. ರೈಟರ್ ಹೇಳೂದು ಬೇಡ. ಕಾಯಿ ಹೇಳ್ಬೇಕು. ಆಗ್ತದಾ ನಿನ್ನ ಮಿಷನ್ನಿಂದ?"

ನನ್ನ ಬಾಯಿ ಸುಮ್ಮನಿರಬೇಕಲ್ಲ! "ಅಯ್ಯೋ, ಅದೇನ್ ಮಹಾ ಬುಡಿ ಅಜ್ಜ, ಕೇಳಿಸ್ತೀನಿ" ಎಂದುಬಿಟ್ಟೆ. ಹೇಗೆ ಎಂದು ಆ ಕ್ಷಣ ನನಗೇ ಗೊತ್ತಿರಲಿಲ್ಲ. ಗದ್ದೆ ದಾಟಿ ಬರುವಾಗ ಲೆಕ್ಕ ಹಾಕಿದೆ: ಒಂದು ಮೈಕು ರೈಟರ ಮೇಜಿಗೆ, ಒಂದು ಮರದ ಬುಡಕ್ಕೆ, ಒಂದು ಹಾರ್ನು ಜನಕ್ಕೆ, ಒಂದು ಅಜ್ಜನ ಮನೆಗೆ. ಸುಲಭ ಅನ್ನಿಸಿತು.

ಹತ್ತು ಗಂಟೆಗೆ ಉದ್ಘಾಟನೆ. ರೈಟರು ಮೈಕ್ ಹಿಡಿದು ಎರಡು ಮಾತಾಡಿ, "ನನ್ನ ಸ್ವರ ಸೊಳ್ಳೆ ಹಾಗೆ ಬರ್ತಾ ಉಂಟಲ್ಲ, ಸ್ವಲ್ಪ ದಪ್ಪ ಮಾಡಿ" ಅಂದರು. ನಾನು ಸ್ವಿಚ್ಚು ಒತ್ತಿ ಕಂಡೆನ್ಸರನ್ನು ತಪ್ಪಿಸಿದೆ. ಅಧ್ಯಕ್ಷರದು ಮೊದಲೇ ಮೆಲುದನಿ, ಅವರಿಗೆಂದು ತಿರುಪನ್ನೂ ಪೂರ್ತಿ ಏರಿಸಿದೆ. ಅವರು ನಾಲ್ಕು ಒಳ್ಳೆಯ ಮಾತಾಡಿದರು. ಕೊನೆಗೆ, "ಇಷ್ಟು ವರ್ಷ ನಮ್ಮ ಮೊದಲ್ನೇ ಗುಂಡು ಈ ಮೈದಾನಕ್ಕೆ ಮಾತ್ರ ಕೇಳ್ತಿತ್ತು. ಈ ವರ್ಷ ನಾಡಿಗೆಲ್ಲ ಕೇಳ್ಲಿ!" ಎಂದು ಕೋವಿಯನ್ನು ಮೈಕಿನ ಪಕ್ಕದಲ್ಲೇ ಆಕಾಶಕ್ಕೆ ಎತ್ತಿದರು.

"ಸ್ವಾಮೀ, ಬೇಡ..." ಎನ್ನುವಷ್ಟರಲ್ಲಿ ಢಮಾರ್!

ಗುಂಡಿನ ಹಿಂದೆಯೇ ಒಂದು ಹಾರ್ನಿನಿಂದ 'ಟಪ್' ಎಂಬ ಸದ್ದು, ಆಮೇಲೆ ಬರೀ ಗರಗರ. ಜನ ಚಪ್ಪಾಳೆ ತಟ್ಟಿ ಕೇಕೆ ಹಾಕಿದರು. ಅಧ್ಯಕ್ಷರು ನನ್ನ ಕಡೆ ತಿರುಗಿ, "ಹೇಗೆ? ಬಾಕಿದ್ದವ್ರಿಗೂ ಕೇಳಿರ್ಬೇಕಲ್ಲ?" ಎಂದು ಕೇಳಿದರು. ನನ್ನ ಮೈ ಉರಿದುಹೋಯಿತು. ಆದರೇನು, ಕೊಡಗಿನಲ್ಲಿ ಗುಂಡು ಹಾರಿಸುವುದೆಂದರೆ ಗೌರವ. ಅವರು ನನ್ನ ಮೈಕಿಗೂ ಆ ಗೌರವ ಕೊಟ್ಟಿದ್ದರು, ಅಷ್ಟೇ.

ಹಾರ್ನು ಇಳಿಸಿ ಹಿಂಬದಿಯ ಯುನಿಟ್ಟು ಬಿಚ್ಚಿದೆ. ಒಳಗಿನ ತೆಳು ಪರದೆ ಎಲೆ ಹರಿದ ಹಾಗೆ ಹರಿದಿತ್ತು. ಕಾಕ ಬಗ್ಗಿ ನೋಡಿ, "ಪೊಟ್ಟಿಹೋಯ್ತಾ ಮೋನೇ, ಹರಿದೇ ಹೋಯ್ತಾ? ಬಲ್ಬು ಉಂಟಲ್ಲ, ಅದು ಕಾಯ್ತದೆ ಅಂತ ನೀನೇ ಹೇಳ್ದದ್ದು" ಅಂದರು. ಅದೇ ನನ್ನನ್ನೂ ಕಾಡುತ್ತಿತ್ತು. ಬಲ್ಬನ್ನು ಮುಟ್ಟಿದೆ, ತಣ್ಣಗಿತ್ತು. ಆಗ ಹೊಳೆಯಿತು. ಬಲ್ಬು ಕಾಯಲು ಕಣ್ಣು ಮಿಟುಕಿಸುವಷ್ಟಾದರೂ ಹೊತ್ತು ಬೇಕು. ಗುಂಡು ಅಷ್ಟು ಹೊತ್ತು ಎಲ್ಲಿ ಕೊಡುತ್ತದೆ? ಜಂಬದ ಡಬ್ಬಿ ನನ್ನನ್ನು ನೋಡಿ ನಗುತ್ತಿದ್ದಂತಿತ್ತು. ಕಂಡೆನ್ಸರನ್ನು ತಪ್ಪಿಸಿದವನೂ ನಾನೇ, ತಿರುಪು ಏರಿಸಿದವನೂ ನಾನೇ. ಅಧ್ಯಕ್ಷರೊಬ್ಬರನ್ನೇ ಬೈದುಕೊಂಡರೆ ತಪ್ಪಾಗುತ್ತದೆ.

ಇನ್ನೊಂದು ಹಾರ್ನು ಉಳಿದಿತ್ತು. ಅದು ಮಿಲಿಟರಿಯವರು ಮಾರಿದ ಹಳೆಯ ಯುನಿಟ್ಟು, ಪರದೆ ದಪ್ಪ. ಆದರೆ ಇರುವುದು ಅದೊಂದೇ. ಅದೂ ಹೋದರೆ ಸಂಪಾಜೆಯ ಮದುವೆಮನೆಗೆ ಯಾವ ಮುಖ ಇಟ್ಟುಕೊಂಡು ಹೋಗುವುದು?

ರೈಟರು ಓಡಿ ಬಂದರು. "ಒಂದು ಉಂಟಲ್ಲ, ಸಾಕು. ಅದನ್ನ ಜನದ ಕಡೆ ತಿರ್ಗಿಸಿ. ನಾನು ಅನೌನ್ಸ್ ಮಾಡ್ತೇನೆ, ಮಧ್ಯೆ ಮಧ್ಯೆ ಹಾಡಿನ ಪ್ಲೇಟ್ ಹಾಕಿ."

"ಅಜ್ಜನ ಮನೆಗೆ?"

"ಅಜ್ಜನ ಹತ್ರ ನಾನೇ ಯಾರನ್ನಾದ್ರೂ ಕೂರಿಸ್ತೇನೆ. ಒಡೀತು ಅಂತ ಹೇಳಿದ್ರಾಯ್ತು. ವಯಸ್ಸಾದ ಜೀವ, ಖುಷಿಯಾಗಿರ್ಲಿ."

ಕೆಟ್ಟ ಮನುಷ್ಯರಲ್ಲ ಅವರು. ಪ್ರೀತಿಯಿಂದಲೇ ಹೇಳಿದ್ದು. ಆದರೆ ಆ 'ಒಡೀತು ಅಂತ ಹೇಳಿದ್ರಾಯ್ತು' ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ತಲೆ ಕೆಟ್ಟುಹೋಯಿತು.

"ರೈಟರೇ, ನಿಮಗೆ ದೇವ್ರು ಒಳ್ಳೆ ಗಂಟಲು ಕೊಟ್ಟವ್ನೆ. ಬಾಯಲ್ಲೇ ಕೂಗಿ. ಈ ಹಾರ್ನು ಅಜ್ಜನ ಮನೆಗೆ ಹೋಯ್ತದೆ" ಅಂದೆ.

"ಜನ ಸುಮ್ನೆ ಬಿಡ್ತಾರಾ?"

"ಜನಕ್ಕೆ ಕಣ್ಣು ಅವೆ, ಅವ್ರು ನೋಡ್ಕೊತಾರೆ."

ರೈಟರು ನನ್ನ ಮುಖವನ್ನೇ ನೋಡಿದರು. ಆಮೇಲೆ ಹೋಗಿ, ಒಂದು ತಗಡನ್ನು ಕೊಳವೆಯಂತೆ ಸುತ್ತಿ ಬಾಯಿಗಿಟ್ಟು ಕೂಗಲು ಶುರುಮಾಡಿದರು. ಹೇಳಬಾರದು, ನನ್ನ ಹಾರ್ನಿಗಿಂತ ಚೆನ್ನಾಗಿಯೇ ಕೇಳುತ್ತಿತ್ತು!

ಈಗ ಕೆಲಸಕ್ಕೆ ಬಿದ್ದೆ. ಕಾಯಿ ಒಡೆಯುವ ಸದ್ದು ಮರದ ತುದಿಯಲ್ಲಿ, ಗುಂಡಿನ ಸದ್ದಿನೊಳಗೇ ಮುಚ್ಚಿಹೋಗುತ್ತದೆ. ಅದನ್ನು ಹಿಡಿಯಲು ಯಾರಪ್ಪನಿಂದಲೂ ಆಗದು. ಆದರೆ ಒಡೆದ ಚೂರು ಕೆಳಗೆ ಬೀಳಲೇಬೇಕಲ್ಲ! ಆ ಎತ್ತರದಿಂದ ನೆಲ ಮುಟ್ಟಲು ಸುಮಾರು ಎರಡು ಎಣಿಸುವಷ್ಟು ಹೊತ್ತು. ಅಷ್ಟರಲ್ಲಿ ಗುಂಡಿನ ಆರ್ಭಟ ಮುಗಿದು ಬೆಟ್ಟದ ಮಾರ್ದನಿ ಮಾತ್ರ ಉಳಿದಿರುತ್ತದೆ. ಅದು ದಪ್ಪ ಸದ್ದು, ಅದಕ್ಕೆ ಕಂಡೆನ್ಸರ್ ಇದೆ; ಸ್ವಿಚ್ಚು ಒತ್ತಿ ಅದನ್ನು ಮತ್ತೆ ಸೇರಿಸಿಕೊಂಡೆ. ಚೂರು ಬೀಳುವ ಜಾಗದಲ್ಲಿ ಠಣ್ ಎನ್ನುವಂಥದ್ದು ಏನಾದರೂ ಹಾಸಿದರೆ? ಎಸ್ಟೇಟಿನ ಆಳುಗಳ ಲೈನುಮನೆಗಳ ಮಾಡಿನಿಂದ ಬಿಚ್ಚಿಟ್ಟಿದ್ದ ಹಳೆಯ ತಗಡಿನ ಹಾಳೆಗಳನ್ನು ಕಾಕ ಜೀಪಿನಲ್ಲಿ ಹೇರಿಕೊಂಡು ಬಂದರು. ಮರದ ಬುಡದ ಸುತ್ತ ಕಲ್ಲು ಇಟ್ಟು, ನೆಲಕ್ಕೆ ತಾಗದಂತೆ ಹಾಸಿದೆವು. ಒಂದು ಕಾಯಿಚಿಪ್ಪು ಎಸೆದು ನೋಡಿದೆ. ಠಣಾರ್! ಕುಣಿಯಬೇಕು ಅನ್ನಿಸಿತು.

ಪಕ್ಕದಲ್ಲೊಂದು ಮರದ ಪೆಟ್ಟಿಗೆಯಲ್ಲಿ ಮೈಕು ಇಟ್ಟು, ಗಾಳಿಗೆ ಗೋಣಿ ಸುತ್ತಿದೆ. ಆ ಮೈಕಿಗೆ ಉದ್ದ ತಂತಿ ಆಗುವುದಿಲ್ಲ, ತೆಳು ಸದ್ದೆಲ್ಲ ದಾರಿಯಲ್ಲೇ ಸೋರಿಹೋಗುತ್ತದೆ. ಹಾಗಾಗಿ ಗುಂಡು ಹೋಗುವ ದಾರಿಯಿಂದ ಪಕ್ಕಕ್ಕೆ, ಒಂದು ದಿಣ್ಣೆಯ ಮರೆಯಲ್ಲಿ ಜೀಪು ನಿಲ್ಲಿಸಿ ಅದರಲ್ಲೇ ಕುಳಿತೆ. ಹಾರ್ನನ್ನು ಗದ್ದೆಯ ಅಂಚಿನ ಮರಕ್ಕೆ ಕಟ್ಟಿ ಅಜ್ಜನ ಮನೆಯ ಕಡೆ ತಿರುಗಿಸಿದೆ. ಕಾಕ ಒಂದು ಬಿಳಿ ಟವೆಲು ಹಿಡಿದು ಅಜ್ಜನ ಮನೆಗೆ ನಡೆದರು. ಕಾಯಿ ಒಡೆಯಿತು ಎಂದು ಅಜ್ಜ ಹೇಳಿದರೆ ಜಗಲಿಗೆ ಬಂದು ಟವೆಲು ಬೀಸಬೇಕು ಎಂದು ಮಾತಾಗಿತ್ತು.

ಪಂದ್ಯಕ್ಕೆ ಮೊದಲು ಒಂದು ಪರೀಕ್ಷೆ. ಮೈದಾನದಿಂದ ಒಬ್ಬರು ಸುಮ್ಮನೆ ಆಕಾಶಕ್ಕೆ ಗುಂಡು ಹಾರಿಸಿದರು. ನಾನು ಒಂದು ಎಣಿಸಿ ಬಟನ್ ಒತ್ತಿದೆ. ಕಾಯಿಯೂ ಇಲ್ಲ, ಚೂರೂ ಇಲ್ಲ, ಏನೂ ಕೇಳಬಾರದು. ಎದುರು ಜಗಲಿಯಲ್ಲಿ ಕಾಕ ಟವೆಲನ್ನು ಗರಗರ ಬೀಸುತ್ತಿದ್ದಾರೆ!

ಕೂಗಿ ಕರೆದೆ. ಏದುಸಿರು ಬಿಡುತ್ತಾ ಓಡಿ ಬಂದರು. "ಅಜ್ಜ ಹೇಳಿದ್ರು ಮೋನೇ, ಒಡೀತು ಅಂತ. ನಂಗೂ ಕೇಳ್ತು. 'ಠಪ್' ಅಂತ."

ಆ 'ಠಪ್' ಕಾಯಿಯದ್ದಲ್ಲ, ನನ್ನ ಬಟನ್ನಿನದು! ಒತ್ತಿದಾಗ ಕರೆಂಟು ಹಾರುವ ಸದ್ದು. ಬೇರೆ ಹೊತ್ತಿನಲ್ಲಿ ಅದು ನನಗೆ ಲೆಕ್ಕಕ್ಕೇ ಇರಲಿಲ್ಲ. ಹೀಗೇ ಬಿಟ್ಟಿದ್ದರೆ ಪ್ರತಿ ಗುಂಡಿಗೂ ನನ್ನ ಡಬ್ಬಿಯೇ 'ಒಡೀತು ಅಜ್ಜ' ಎನ್ನುತ್ತಿತ್ತು. ರೈಟರಿಗಾದರೂ ನಾಚಿಕೆ ಇತ್ತು, ನನ್ನ ಡಬ್ಬಿಗೆ ಅದೂ ಇರಲಿಲ್ಲ.

ಬಟನ್ನಿನ ಎರಡೂ ತಂತಿಗಳನ್ನು ಕತ್ತರಿಸಿ ಒಂದಕ್ಕೊಂದು ಹೆಣೆದುಬಿಟ್ಟೆ. ಇನ್ನು ಮೈಕು ಯಾವಾಗಲೂ ತೆರೆದೇ ಇರುತ್ತದೆ. ಕಾಯುವುದು ನನ್ನ ಬೆರಳು. ತಿರುಪನ್ನು ಸೊನ್ನೆಯಲ್ಲಿಟ್ಟು, ಗುಂಡು ಹಾರಿದ ಮೇಲೆ ಎರಡು ಎಣಿಸುವುದರೊಳಗೆ ನುಣ್ಣಗೆ ಮೇಲಕ್ಕೆ ಒಯ್ಯಬೇಕು. ಬೇಗ ಮಾಡಿದರೆ ಗುಂಡಿನ ಹೊಡೆತಕ್ಕೆ ಉಳಿದ ಹಾರ್ನೂ ಹೋಯಿತು. ತಡವಾದರೆ ಕಾಯಿಯ ಸದ್ದು ಹೋಯಿತು.

ಪಂದ್ಯ ಶುರುವಾಯಿತು. ಮೊದಲನೆಯವರ ಗುಂಡಿಗೇ ಕಾಯಿ ಚೂರಾಯಿತು. ಜನ ಹೋ ಎಂದರು. ನಾನು ಹೆದರಿ ತಡಮಾಡಿದ್ದೆ. ಚೂರು ಬಿದ್ದು ಉರುಳಿದ ಮೇಲೆ ನನ್ನ ತಿರುಪು ಮೇಲಕ್ಕೆ ಹೋಯಿತು. ಎದುರಿನ ಜಗಲಿಯಲ್ಲಿ ಟವೆಲಿಲ್ಲ. "ಥೂ, ನನ್ನ ಕೈಗಿಷ್ಟು!" ಎಂದು ಹಣೆ ಚಚ್ಚಿಕೊಂಡೆ. ಎರಡನೆಯವರದು ತಪ್ಪಿತು, ಟವೆಲಿಲ್ಲ, ಸರಿ. ಮೂರನೆಯವರ ಗುಂಡಿಗೆ ಉಸಿರು ಕಟ್ಟಿ ಕುಳಿತೆ. ಢಂ ಎಂದ ಕೂಡಲೇ ಉಸಿರು ಬಿಡುತ್ತಾ, ಉಸಿರಿನ ಜೊತೆಗೇ ತಿರುಪು ತಿರುಗಿಸಿದೆ. ಠಣ್! ತಗಡಿನ ಸದ್ದು ಗುಂಡಿನಂತಲ್ಲ, ಕಂಪಿಸುತ್ತಾ ಉಳಿಯಿತು; ಡಬ್ಬಿಯ ಮೇಲಿನ ಬಲ್ಬು ಮಿಣುಕಿತು. ಎದುರಿನಲ್ಲಿ ಬಿಳಿ ಟವೆಲು ಬೀಸಿತು. "ಬಂತು, ಬಂತು!" ಎಂದು ಜೀಪಿನೊಳಗೆ ಒಬ್ಬನೇ ಕೂಗಿಕೊಂಡೆ. ಅಲ್ಲಿಂದ ಮುಂದೆ ಬೆರಳಿಗೆ ಹದ ಸಿಕ್ಕಿತು.

ಮಧ್ಯಾಹ್ನದ ಬಿಸಿಲು ಬೆಟ್ಟದ ಕಡೆ ವಾಲುವ ಹೊತ್ತಿಗೆ ರೈಟರು ತಗಡಿನ ಕೊಳವೆಯಲ್ಲಿ, "ಸುಬೇದಾರಜ್ಜನ ಮೊಮ್ಮಗಳು, ಎರಡು ಗುಂಡು!" ಎಂದು ಕೂಗಿದರು. ಅವಳು ಸೆರಗು ಬಿಗಿದು ಬಂದು ನಿಂತಳು. ಒಂದು ಸಲ ಎದುರಿನ ಮನೆಯ ಕಡೆ ನೋಡಿದಳು.

ಮೊದಲನೆಯ ಗುಂಡು. ಉಸಿರು ಬಿಟ್ಟೆ, ತಿರುಪು ಮೇಲೆ ಹೋಯಿತು. ಎಲೆಗಳ ಸರಸರ ಬಿಟ್ಟು ಬೇರೇನೂ ಇಲ್ಲ. ಕಾಯಿ ಹಾಗೇ ತೂಗುತ್ತಿತ್ತು. ನನಗೆ ಅಳು ಬರುವಂತಾಯಿತು. ಒಂದು ಕ್ಷಣ, ನಿಜ ಹೇಳುತ್ತೇನೆ, ಡಬ್ಬಿಯನ್ನು ಬೆರಳಿನಿಂದ ಒಮ್ಮೆ ತಟ್ಟಿಬಿಟ್ಟರೆ ಸಾಕು, ಹೆಣೆದ ತಂತಿ ಅಲುಗಿ ಅಜ್ಜನಿಗೆ 'ಠಪ್' ಎಂದು ಕೇಳಿಸುತ್ತದೆ ಎಂಬ ಯೋಚನೆ ಬಂತು. ಬೆರಳು ಡಬ್ಬಿಯ ಹತ್ತಿರಕ್ಕೂ ಹೋಗಿತ್ತು. ಹಿಂದಕ್ಕೆ ಎಳೆದುಕೊಂಡೆ. ತಿರುಪನ್ನು ಸೊನ್ನೆಗೆ ಇಳಿಸಿದೆ.

ಅವಳು ಎರಡನೆಯ ತೋಟೆ ತುಂಬಿದಳು. ಬಹಳ ಹೊತ್ತು ಗುರಿ ಹಿಡಿದಳು. ಢಂ!

ತಿರುಪು ಮೇಲೆ ಹೋಗುತ್ತಿದ್ದಂತೆ ಠಣಾರ್ ಎಂದಿತು, ಹಿಂದೆಯೇ ಸಣ್ಣಗೆ ಠಿಣ್. ಬಲ್ಬು ಎರಡು ಸಲ ಮಿಣುಕಿತು. ಜನರ ಕೇಕೆ ಬೆಟ್ಟಕ್ಕೆ ಮುಟ್ಟಿತು. ನಾನು ಎದುರಿನ ಜಗಲಿಯನ್ನೇ ನೋಡುತ್ತಿದ್ದೆ. ಟವೆಲಿಲ್ಲ. ಕಾಕನೂ ಕಾಣಿಸಲಿಲ್ಲ. ಹಾರ್ನು ಹೋಯಿತೇ? ತಂತಿ ಕಳಚಿತೇ? ಜೀಪಿನಿಂದ ಹಾರಿ ಗದ್ದೆಯ ಕಡೆ ಓಡಿದೆ.

ಗದ್ದೆಯ ಬದುವಿಗೆ ಕಾಲಿಡುವಷ್ಟರಲ್ಲಿ ಅಜ್ಜನ ಮನೆಯಿಂದ ಒಂದು ಗುಂಡು ಹಾರಿತು.

ಜಗಲಿಯಲ್ಲಿ ಕಾಕ ಅಜ್ಜನನ್ನು ಎರಡೂ ತೋಳಿನಿಂದ ಎತ್ತಿ ಹಿಡಿದಿದ್ದರು. ಅಜ್ಜನ ಕೈಯಲ್ಲಿ ಮನೆಯ ಇನ್ನೊಂದು ಹಳೆಯ ಕೋವಿ ಆಕಾಶ ನೋಡುತ್ತಿತ್ತು, ನಳಿಗೆಯ ಬಾಯಿಂದ ಹೊಗೆ. ಎರಡೂ ಕೈ ತುಂಬಿದ್ದ ಕಾಕ ಟವೆಲು ಬೀಸುವುದಾದರೂ ಹೇಗೆ! ಮೈದಾನದಲ್ಲಿ ಇದ್ದಬದ್ದ ಕೋವಿಗಳೆಲ್ಲ ಒಟ್ಟಿಗೆ ಉತ್ತರ ಕೊಟ್ಟವು. ತಿರುಪು ಮೇಲೆಯೇ ಉಳಿದಿದೆ ಎಂದು ನೆನಪಾಗಿ ಬಂದ ದಾರಿಯಲ್ಲೇ ಹಿಂದಕ್ಕೆ ಓಡಿದೆ. ಕಂಡೆನ್ಸರೂ ಮಿಲಿಟರಿಯ ದಪ್ಪ ಪರದೆಯೂ ಸೇರಿ ಕಾಪಾಡಿದ್ದವು. ಹಾರ್ನು ಬದುಕಿತ್ತು. ಸಂಪಾಜೆಯ ಮದುವೆ ಉಳಿಯಿತು.

ಪಂದ್ಯ ಮುಗಿದ ಮೇಲೆ ಮೊಮ್ಮಗಳ ಜೊತೆ ನಾನೂ ರೈಟರೂ ಅಜ್ಜನ ಮನೆಗೆ ಹೋದೆವು. ಅವಳ ಸೆರಗಿನಲ್ಲಿ ಒಡೆದ ಕಾಯಿಯ ಎರಡು ಹೋಳುಗಳಿದ್ದವು. ಅವಳು ಬಾಯಿ ತೆರೆಯುವ ಮೊದಲೇ ಅಜ್ಜ, "ದೊಡ್ಡದು ಮೊದ್ಲು ಬಿತ್ತು, ಸಣ್ಣದು ಆಮೇಲೆ. ಸರಿಯಾ?" ಎಂದರು. ಅವಳು ಎರಡನ್ನೂ ಅವರ ಅಂಗೈಗೆ ಇಟ್ಟಳು. ಅಜ್ಜ ಒಡೆದ ಅಂಚನ್ನು ಬೆರಳಿನಿಂದ ಸವರಿದರು.

"ನಡುವಿಗೆ ತಾಗಿಲ್ಲ ನೋಡು, ಬದಿಗೆ ತಾಗಿದ್ದು. ಈ ಕೋವಿ ಸ್ವಲ್ಪ ಎಡಕ್ಕೆ ಎಳೀತದೆ. ನಿಂಗೆ ಹೇಳ್ಲಿಕ್ಕೆ ಮರ್ತೇಬಿಟ್ಟಿದ್ದೆ." ಆಮೇಲೆ ಹೋಳುಗಳನ್ನು ಪಕ್ಕಕ್ಕಿಟ್ಟು ಕೇಳಿದರು. "ಮೊದಲ್ನೇ ಗುಂಡು?"

ರೈಟರು ಏನೋ ಹೇಳಲು ಬಾಯಿ ತೆರೆದವರು ನನ್ನ ಮುಖ ನೋಡಿ ಮುಚ್ಚಿಕೊಂಡರು.

"ತಪ್ಪಿತು ಅಜ್ಜ" ಅಂದಳು ಮೊಮ್ಮಗಳು.

"ಹೌದಲ್ಲ! ತಪ್ಪಿತಲ್ಲ!" ಎಂದು ಅಜ್ಜ ಮಂಚವೇ ಅಲುಗುವಂತೆ ನಕ್ಕರು. "ಎರಡು ವರ್ಷ ಆಯ್ತು ಮಗ, ಈ ಮನೇಲಿ ಒಬ್ಬರಾದ್ರೂ ನಂಗೆ 'ತಪ್ಪಿತು' ಅಂತ ಹೇಳಿ."